ಹೆಸರು ಹಿಡಿದು ಕರೆಯದ ನೆಂಟರು

ನನ್ನ ಆಯಿ, ಅಂದರೆ ನನ್ನ ತಾಯಿಯ ತಾಯಿ, ಸುರಪುರದವಳು. ಅರಮನೆಯವರ ಮಾತು ಬಂದಾಗ ಆಕೆ ಯಾರದೇ ಹೆಸರು ಹಿಡಿದದ್ದನ್ನು ನಾನು ಕೇಳಲಿಲ್ಲ. ದೊಡ್ಡ ದೊರಿ, ಸಣ್ಣ ದೊರಿ, ರಾಣೆವ್ವ, ಗುಡ್ಡದ ಸಾಹೇಬ, ಇಷ್ಟೇ. ಶಾಲೆಯಲ್ಲಿ ಕಲಿತುಬಂದ ‘ರಾಜಾ ವೆಂಕಟಪ್ಪ ನಾಯಕ’ ಎಂಬ ಹೆಸರನ್ನು ಪಾಠ ಒಪ್ಪಿಸುವ ದನಿಯಲ್ಲಿ ಒಮ್ಮೆ ಆಕೆಯ ಮುಂದೆ ಹೇಳಿದೆ. ಆಯಿ ನನ್ನ ಬಾಯಿಯ ಮೇಲೆ ಕೈಯಿಟ್ಟಳು. “ಹಿರ್ಯಾರ ಹೆಸರು ಹಂಗ ಒದರಬಾರದವ್ವಾ, ಸಣ್ಣ ದೊರಿ ಅನ್ನು” ಅಂದಳು. ಆ ಸಣ್ಣ ದೊರೆ ಕಣ್ಣು ಮುಚ್ಚಿ ಆಗಲೇ ನೂರು ವರ್ಷ ದಾಟಿತ್ತು.

ನಮಗೂ ಅರಮನೆಗೂ ರಕ್ತಸಂಬಂಧ ಏನೂ ಇಲ್ಲ. ಆಯಿಯ ತವರಿನ ಹಿರಿಯರು ಸಂಸ್ಥಾನದ ದಫ್ತರದಲ್ಲಿ ಲೆಕ್ಕ ಬರೆಯುತ್ತಿದ್ದವರು. ಆದರೆ ಆಯಿಯ ಲೆಕ್ಕದಲ್ಲಿ ಉಪ್ಪುಂಡ ಮನೆ ಅಂದರೆ ಬೀಗರ ಮನೆಗಿಂತ ಹತ್ತಿರ. ಮದುವೆಯ ನೆಂಟಸ್ತನ ಮುನಿಸಿಗೆ ಮುರಿದೀತು, ಉಪ್ಪಿನದು ಮುರಿಯುವುದಿಲ್ಲ ಎಂದು ಆಕೆ ನಂಬಿದ್ದಳು. ಹಾಗಾಗಿ ನಾನು ಬೆಳೆದದ್ದು ಎರಡು ಥರದ ನೆಂಟರ ನಡುವೆ. ಒಂದು, ಮನೆಗೆ ಬಂದು ಉಂಡು ಹೋಗುವವರು. ಇನ್ನೊಂದು, ಎಂದೂ ಬಾರದೆ ಮಾತಿನಲ್ಲೇ ಇರುವವರು. ಇವತ್ತು ಮಾತಾಡಬೇಕೆಂದಿರುವುದು ಆ ಎರಡನೆಯವರ ಬಗ್ಗೆ, ಅದರಲ್ಲೂ ಒಬ್ಬ ತಾಯಿಯ ಬಗ್ಗೆ.

ನಾನು ಹುಟ್ಟಿದ್ದು ಶಹಾಪುರದಲ್ಲಿ, ಬುದ್ಧ ಮಲಗಿದ ಗುಡ್ಡದ ಕೆಳಗೆ. ಕೆಲಸ ಮಾಡಿ ನಿವೃತ್ತಳಾದದ್ದು ಯಾದಗಿರಿಯಲ್ಲಿ. ಬೇಸಿಗೆ ರಜೆ ಮಾತ್ರ ಪೂರ್ತಿ ಸುರಪುರದ್ದು. ಬಸ್ಸು ಊರು ಸಮೀಪಿಸಿದಂತೆ ಬಂಡೆಗುಡ್ಡಗಳು ಎರಡೂ ಕಡೆ ಒತ್ತಿಕೊಂಡು ಬರುತ್ತಿದ್ದವು. ಆಯಿಯ ಮನೆಗೆ ದೊಡ್ಡ ತಲಬಾಗಿಲು, ಒಳಗೆ ಅಂಗಳ, ಅಂಗಳದ ಸುತ್ತ ಪಡಸಾಲೆ. ಪಡಸಾಲೆಯ ಕತ್ತಲ ಮೂಲೆಯಲ್ಲಿ ಗೋಡೆಗೆ ಒಂದು ಸಣ್ಣ ಚಿತ್ರವಿತ್ತು, ಅಂಗೈ ಎರಡು ಸೇರಿಸಿದಷ್ಟು ಅಗಲದ್ದು. ಹಗಲು ನೋಡಿದರೆ ಹೊಗೆ ಹಿಡಿದ ಹಲಗೆ, ಅಷ್ಟೇ. ಸಂಜೆ ಆಯಿ ದೀಪ ಹಿಡಿದು ಆ ಮೂಲೆ ದಾಟುವಾಗ ಮಾತ್ರ ಕೃಷ್ಣನ ಕಿರೀಟ, ತೋಳ್ಬಳೆ, ಪೀತಾಂಬರದ ಅಂಚು ಒಂದೊಂದಾಗಿ ಹೊಳೆದು ಮತ್ತೆ ಆರುತ್ತಿದ್ದವು. ಅದು ಚಿನ್ನದ ರೇಕಿನ ಕೆಲಸ. ಸುರಪುರದ ಅರಸರ ಆಶ್ರಯದಲ್ಲಿ ಬೆಳೆದ ಆ ಚಿತ್ರಕಲೆ, ಅದನ್ನು ತಲೆಮಾರುಗಳ ಕಾಲ ಕಾಪಾಡಿದ ಗರುಡಾದ್ರಿ ಮನೆತನ, ಇವೆಲ್ಲ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ನಮಗೆ ಗೊತ್ತಿದ್ದದ್ದು, ದೀಪ ಬಂದರೆ ದೇವರು ಎದ್ದು ಕೂಡುತ್ತಾನೆ ಎಂಬುದು ಮಾತ್ರ. ಒಂದು ಕಷ್ಟದ ವರ್ಷದಲ್ಲಿ ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದು ಅದನ್ನು ಒಯ್ದ. ಆ ಗೋಡೆಯಲ್ಲಿ ಚೌಕಾಕಾರದ ಬಿಳಿ ಗುರುತು ಬಹುಕಾಲ ಹಾಗೆಯೇ ಇತ್ತು. ಆಯಿ ಆಮೇಲೂ ದೀಪ ಹಿಡಿದು ಅಲ್ಲಿ ಒಂದು ಗಳಿಗೆ ನಿಲ್ಲುವುದನ್ನು ಬಿಡಲಿಲ್ಲ.

ಸುರಪುರದ ನಾಯಕರು ಗೋಸಲ ವಂಶದವರು, ಬೇಡರ ಪಡೆಯ ಒಡೆಯರು. ಕೃಷ್ಣಾ ಭೀಮಾ ನದಿಗಳ ನಡುವಿನ ಸಗರನಾಡು ಅವರ ನೆಲ. 1705ರಲ್ಲಿ ಎಂಬತ್ತು ದಾಟಿದ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಬಂದು ಮುತ್ತಿಗೆ ಹಾಕಿದ್ದು ಇವರ ವಾಗಣಗೇರಿ ಕೋಟೆಗೆ. ತಿಂಗಳುಗಟ್ಟಲೆ ಕಾದು ಕೋಟೆ ಹಿಡಿದ. ಒಳಗೆ ಹೋಗಿ ನೋಡಿದರೆ ಕೋಟೆಯ ಒಡೆಯ ಪಿಡ್ಡನಾಯಕ ಇರಲಿಲ್ಲ, ಪಾರಾಗಿ ಹೋಗಿದ್ದ. ಬಾದಶಹ ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಎರಡು ವರ್ಷದಲ್ಲಿ ಆತ ತೀರಿಕೊಂಡ. ನಾಯಕರ ಮನೆತನ ಆಮೇಲೆ ಒಂದೂವರೆ ಶತಮಾನ ಆಳಿತು. ದಂಡಿಗೆ ಹೆಸರಾದಂತೆಯೇ ಪಾಂಡಿತ್ಯಕ್ಕೂ ಅದು ಹೆಸರಾಗಿತ್ತು. ಶ್ರೀವೈಷ್ಣವ ವಿದ್ವಾಂಸ ಬುಚ್ಚಿ ವೆಂಕಟಾಚಾರ್ಯರು ಇಲ್ಲಿಯವರು. ಹರಿದಾಸ ಆನಂದದಾಸರು ಸುರಪುರದ ಆನಂದದಾಸರೆಂದೇ ಪ್ರಸಿದ್ಧರು. ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ಗೋಕುಲಾಷ್ಟಮಿಯ ಹೊತ್ತಿಗೆ ಎತ್ತರದ ಕಂಬ ನೆಟ್ಟು, ಮೇಲಿನಿಂದ ನೀರು ಸುರಿಯುತ್ತಿರಲು ಹುಡುಗರು ಏರುವ ಹಾಲೋಕಳಿ ಇಂದಿಗೂ ನಡೆಯುತ್ತದೆ. ಆಯಿ ಅದನ್ನು ನೋಡಲು ಹೋಗುವಾಗ ಪೆಟ್ಟಿಗೆಯ ತಳದ ಜರಿ ಸೀರೆ ತೆಗೆಯುತ್ತಿದ್ದಳು. “ಅರಮನಿ ಮಂದಿ ಬರ್ತಾರ, ಹಂಗೇ ಹೋಗಲಿಕ್ಕೆ ಆಗ್ತದೇನು?” ಅನ್ನುತ್ತಿದ್ದಳು.

ಆ ವೈಭವವನ್ನು ಹೇಳುವಾಗ ನಾನು ಒಂದು ವಿಷಯ ಬಿಡಲಾರೆ. ಆಯಿಯ ಅಜ್ಜಿ ಮದುವೆಯಾಗಿ ಬಂದದ್ದು ಮೇಣೆಯಲ್ಲಂತೆ. ಮೇಣೆಯ ಬಣ್ಣ, ಪರದೆಯ ಗೊಂಡೆ, ಒಳಗೆ ಹಾಸಿದ ಗಾದಿ, ಎಲ್ಲವೂ ನಮ್ಮ ಮನೆಯ ಕಥೆಯಲ್ಲಿ ಇದ್ದವು. ಹೊತ್ತವರ ಹೆಸರು ಇರಲಿಲ್ಲ. ಒಂದು ಸಲ ಕೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಂಟು ಮಂದಿ ಬೋಯಿಗಳು, ಗುಡ್ಡ ಹತ್ತುವಾಗ ಒಬ್ಬಾಂವಗ ಕಾಲು ಉಳುಕಿತ್ತಂತ. ಆದರೂ ಇಳಿಸಲಿಲ್ಲಂತ” ಅಂದಳು. ಒಂದು ತಲೆಮಾರು ಇನ್ನೊಂದಕ್ಕೆ ಹೇಳುತ್ತ ಬಂದ ಕಥೆಯಲ್ಲಿ ಅಷ್ಟು ಮಾತ್ರ ಉಳಿದಿತ್ತು, ಒಂದು ಉಳುಕಿದ ಕಾಲು. ಹಳೆಯ ಮನೆತನಗಳನ್ನು ನೆನೆಯುವಾಗೆಲ್ಲ ಆ ಕಾಲು ನನಗೆ ನೆನಪಾಗುತ್ತದೆ.

ಈಗ ರಾಣೆವ್ವನ ಮಾತಿಗೆ ಬರುತ್ತೇನೆ.

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡರು. ಮಗ ವೆಂಕಟಪ್ಪ ಆರೇಳು ವರ್ಷದ ಹುಡುಗ. ತಾಯಿ ಈಶ್ವರಮ್ಮ ಹರೆಯದ ವಿಧವೆ. ಒಂದು ಕಡೆ ಮೈದುನ, ಇನ್ನೊಬ್ಬ ಪಿಡ್ಡನಾಯಕ, ಆಡಳಿತ ತನ್ನ ಕೈಗೆ ಬರಬೇಕೆನ್ನುವವನು. ಇನ್ನೊಂದು ಕಡೆ ಹೈದರಾಬಾದಿನ ನಿಜಾಮರ ಸರಕಾರ, ಗದ್ದುಗೆ ಕೈ ಬದಲಾದಾಗಲೆಲ್ಲ ನಜರಾಣೆ ಕೇಳುವುದು. ಅದರ ಹಿಂದೆ ಬ್ರಿಟಿಷ್ ರೆಸಿಡೆಂಟ್. ಬೊಕ್ಕಸದ ತುಂಬ ಸಾಲ. ಈ ಜಗ್ಗಾಟದ ನಡುವೆ ಆಡಳಿತ ನೋಡಲು ಬಂದವನು ಆಯಿಯ ಬಾಯಲ್ಲಿ ‘ಗುಡ್ಡದ ಸಾಹೇಬ’ನಾದ ಫಿಲಿಪ್ ಮೆಡೋಸ್ ಟೇಲರ್.

ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದರ ಹುಡುಗನಾಗಿ ಮುಂಬಯಿಗೆ ಬಂದು, ಆಮೇಲೆ ನಿಜಾಮರ ಸೈನ್ಯ ಸೇರಿದ. ಸುರಪುರಕ್ಕೆ ಬರುವ ಹೊತ್ತಿಗೆ ಠಗ್ಗರನ್ನು ಕುರಿತು ಬರೆದ ಕಾದಂಬರಿಯಿಂದ ಆತನ ಹೆಸರು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತ್ತು. 1853ರವರೆಗೆ ಸುರಪುರದಲ್ಲಿದ್ದ. ಗುಡ್ಡದ ಮೇಲೆ ಆತ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಇನ್ನೂ ನಿಂತಿದೆ. ಹಿಂದಿನ ಅರಸ ಪಾಮನಾಯಕನ ಕಾಲದ ಬೋನಾಳ ಕೆರೆಯನ್ನು ಹಿಗ್ಗಿಸಿದವನೂ ಆತನೇ. ಈಗ ಅಲ್ಲಿ ಪಕ್ಷಿಧಾಮವಿದೆ. ರಾಜನಕೋಳೂರಿನಲ್ಲಿ ಜನ ಮೋರೇರ ಮನೆ ಎನ್ನುವ ಬೃಹತ್ ಶಿಲೆಯ ಗೋರಿಗಳನ್ನೂ, ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲಿನ ಸಾಲುಗಳನ್ನೂ ಕುದುರೆ ಇಳಿದು ಅಳೆದು ಬರೆದಿಟ್ಟ. ಈ ನೆಲವನ್ನು ಅಷ್ಟು ಪ್ರೀತಿಯಿಂದ ನೋಡಿದ ಪರದೇಶಿ ಇನ್ನೊಬ್ಬ ನನಗೆ ಗೊತ್ತಿಲ್ಲ.

ಆತನ ಮನೆಯೊಳಗಿನ ನೆಂಟಸ್ತನವೂ ತಿಳಿಯಬೇಕಾದದ್ದು. ಹೆಂಡತಿ ಮೇರಿ ಪಾಮರ್, ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ವಿಲಿಯಂ ಪಾಮರನ ತಂದೆ ಇಂಗ್ಲಿಷ್ ಸೇನಾಪತಿ, ತಾಯಿ ಫೈಜ್ ಬಕ್ಷ್ ಬೇಗಂ ಎಂಬ ಮುಸಲ್ಮಾನ ಹೆಣ್ಣುಮಗಳು. ಆಕೆಯ ಸಂಸಾರದ ಒಂದು ತೈಲಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಂಡ ಕುರ್ಚಿಯ ಮೇಲೆ, ಬೇಗಂ ನೆಲದ ಮೇಲೆ, ಆಕೆಯ ಮಡಿಲಲ್ಲಿ ಕೂಸು. ಅದರ ಅಚ್ಚಿನ ಪ್ರತಿಯನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ನಿಂತದ್ದು ಆ ಕೂಸನ್ನು ಹಿಡಿದ ಕೈಯ ಮೇಲೆ. ಟೇಲರನ ಹೆಂಡತಿಯ ಅಜ್ಜಿ ಆಕೆ. ಸುರಪುರದ ಗುಡ್ಡದ ಬಂಗಲೆಯಲ್ಲಿದ್ದ ಸಾಹೇಬ ಹಾಗೆ ನೋಡಿದರೆ ಈ ದೇಶದ ಅಳಿಯ. ಮೇರಿ ತೀರಿಕೊಂಡದ್ದು ಆತನ ಸುರಪುರದ ವರ್ಷಗಳಲ್ಲೇ. ಆ ಮೇಲೆ ತಂದೆಯಿಲ್ಲದ ಹುಡುಗ ದೊರೆಯೂ ಸಂಗಾತಿಯಿಲ್ಲದ ಸಾಹೇಬನೂ ಒಬ್ಬರಿಗೊಬ್ಬರು ಹತ್ತಿರವಾದರು. ಹುಡುಗ ಆತನನ್ನು ‘ಅಪ್ಪಾ’ ಎಂದು ಕರೆದ. ಕೊನೆಯವರೆಗೂ ಹಾಗೆಯೇ ಕರೆದ.

ಟೇಲರನ ಆತ್ಮಕಥೆ ಹೊರಬಂದದ್ದು 1877ರಲ್ಲಿ, ಆತ ಸತ್ತ ಮರುವರ್ಷ. ಬರಹವನ್ನು ಹೊಂದಿಸಿ ಅಚ್ಚಿಗೆ ಕೊಟ್ಟವಳು ಮಗಳು ಆಲಿಸ್. ತಂದೆಯ ಹಾಳೆಗಳನ್ನು ಮಗಳು ಕಾಪಾಡಿದ್ದರಿಂದ ಸುರಪುರದ ಆ ಹನ್ನೆರಡು ವರ್ಷ ಉಳಿದವು. ಅದಕ್ಕೆ ನಾವು ಆಲಿಸಳಿಗೆ ಋಣಿಗಳು. ಸಂಸ್ಥಾನದ ಇತಿಹಾಸ ಬರೆದ ಕಪಟರಾಳ ಕೃಷ್ಣರಾಯರಂಥವರ ಶ್ರಮವೂ ದೊಡ್ಡದು. ಆದರೂ ಹೊರಗಿನ ಲೋಕಕ್ಕೆ ಸುರಪುರ ಕಾಣುವುದು ಹೆಚ್ಚಾಗಿ ಟೇಲರನ ಕಿಟಕಿಯಿಂದ. ಆ ಕಿಟಕಿಯಿಂದ ಕಾಣುವ ಈಶ್ವರಮ್ಮ ಒಳ್ಳೆಯವಳಲ್ಲ. ಹಟಮಾರಿ, ಒಳಸಂಚು ಮಾಡುವವಳು, ನಡತೆ ಸರಿಯಿಲ್ಲದವಳು ಎಂದು ಆತ ಬರೆದ. ಮಗನನ್ನು ಕೆಡಿಸಿದವಳು ಎಂದೂ ಬರೆದ. ಆ ಪುಟಗಳನ್ನು ಓದಿದಾಗ ನನಗೆ ಬಹಳ ನೋವಾಯಿತು. ಆತ ಸುಳ್ಳು ಹೇಳುವ ಮನುಷ್ಯನೆಂದು ನಾನು ಹೇಳುತ್ತಿಲ್ಲ. ತಾನು ಕಂಡದ್ದು, ಕೇಳಿದ್ದು ಬರೆದಿದ್ದಾನೆ. ಆದರೆ ಕೇಳಿದ್ದು ಯಾರಿಂದ? ದರ್ಬಾರಿನ ಗಂಡಸರಿಂದ. ಅವರಲ್ಲಿ ಅರ್ಧ ಮಂದಿ ಮೈದುನನ ಕಡೆಯವರು, ಉಳಿದರ್ಧ ಗಾಳಿ ಬಂದ ಕಡೆಗೆ ತೂರುವವರು. ಹರೆಯದ ವಿಧವೆ ಅಧಿಕಾರ ಬಿಡಲೊಲ್ಲೆ ಎಂದಾಗ ಮೊದಲು ಏಳುವ ಮಾತು ಆಕೆಯ ನಡತೆಯದು. ಅದು ನಮ್ಮ ಹಳ್ಳಿಯ ಕಟ್ಟೆಯ ಮೇಲೂ ಹೀಗೆಯೇ, ಸಂಸ್ಥಾನದಲ್ಲೂ ಹೀಗೆಯೇ. ಹಟಮಾರಿ ಎಂದರಲ್ಲ, ಹಟ ಮಾಡದಿದ್ದರೆ ಆ ಮಗನಿಗೆ ಗದ್ದುಗೆ ಉಳಿಯುತ್ತಿತ್ತೇ?

ಆಯಿಗೆ ಇಂಗ್ಲಿಷ್ ಬಾರದು. ಆ ಪುಸ್ತಕದಲ್ಲಿ ಏನಿದೆ ಎಂದು ಕಾಲೇಜಿಗೆ ಹೋಗುತ್ತಿದ್ದ ನಾನು ಅಳುಕುತ್ತ ಹೇಳಿದೆ. ಆಕೆ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ. “ಜಾತಕದ ಮಾತು ಬರದಾನೇನು?” ಎಂದು ಕೇಳಿದಳು. ಬರೆದಿದ್ದಾನೆ ಅಂದೆ. “ಹಂಗಾದ್ರ ಸಾಕು” ಅಂದಳು.

ಜಾತಕದ ವಿಷಯ ಹೀಗಿದೆ. ರಾಣಿ ಒಮ್ಮೆ ಟೇಲರನನ್ನು ಕರೆಸಿಕೊಂಡಳು. ಮನೆತನದ ಶಾಸ್ತ್ರಿಗಳೂ ಅಲ್ಲಿದ್ದರು. ಮಗ ಹುಟ್ಟಿದಾಗ ಬರೆದ ಜಾತಕವನ್ನು ತೋರಿಸಿದರು. ಹುಡುಗ ತನ್ನ 24ನೆಯ ವರ್ಷ ದಾಟುವುದಿಲ್ಲ ಎಂದು ಅದರಲ್ಲಿತ್ತು. ತಾಯಿ, ಶಾಸ್ತ್ರಿಗಳು, ಇವರ ಹೊರತು ಯಾರಿಗೂ ಗೊತ್ತಿಲ್ಲದ ಗುಟ್ಟು ಅದು. ಮಗನಿಗೆ ತಿಳಿಯಬಾರದೆಂದು ಮಾತು ತೆಗೆದುಕೊಂಡು ಆಕೆ ಅದನ್ನು ಸಾಹೇಬನ ಮುಂದೆ ಬಿಚ್ಚಿಟ್ಟಳು. ಟೇಲರ್ ಆ ಮಾತು ಉಳಿಸಿಕೊಂಡ. ಜಾತಕವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಾನು ನೋಡುವುದು ಆ ತಾಯಿಯನ್ನು. ಮಗನನ್ನು ಎರೆಯುವಾಗ, ತಲೆ ಬಾಚುವಾಗ, ಮೊದಲ ಸಲ ಕುದುರೆ ಹತ್ತಿಸಿ ಕಳಿಸುವಾಗ, ಪ್ರತಿ ಹುಟ್ಟುಹಬ್ಬಕ್ಕೆ ಆರತಿ ಎತ್ತುವಾಗ ಆಕೆ ಎಣಿಸುತ್ತಿದ್ದಿರಬೇಕು. ಎಲ್ಲರ ಮನೆಯಲ್ಲೂ ವರ್ಷ ಕೂಡುತ್ತ ಹೋಗುತ್ತವೆ, ಆಕೆಯ ಮನೆಯಲ್ಲಿ ಕಳೆಯುತ್ತ ಹೋದವು. ಅಂಥ ಲೆಕ್ಕ ಎದೆಯಲ್ಲಿ ಇಟ್ಟುಕೊಂಡವಳು ಮಗ ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದರೆ, ಅದನ್ನು ಕೆಡಿಸಿದಳು ಎಂದು ಬರೆಯಲು ನನಗೆ ಕೈ ಬಾರದು. ತನ್ನ ಕೈಯಿಂದ ಅಧಿಕಾರ ಕಿತ್ತುಕೊಳ್ಳಲು ಬಂದ ಸಾಹೇಬನ ಮುಂದೆಯೇ ಆ ಗುಟ್ಟು ಹೇಳಿದಳಲ್ಲ, ಅದರಲ್ಲಿ ಆಕೆ ಎಂಥವಳು ಎಂಬುದಿದೆ. ಮುಂದೆ ಮಗನ ಹಿಂದೆ ನಿಲ್ಲಬಲ್ಲವನು ಯಾರೆಂದು ಆಕೆಗೆ ತಿಳಿದಿತ್ತು.

1853ರಲ್ಲಿ ವೆಂಕಟಪ್ಪ ನಾಯಕ ತಾನೇ ಅಧಿಕಾರ ವಹಿಸಿಕೊಂಡ. ಟೇಲರ್ ನಳದುರ್ಗದ ಕಡೆಗೆ ಹೋದ. 1857ರಲ್ಲಿ ಉತ್ತರದಲ್ಲಿ ಬೆಂಕಿ ಹೊತ್ತಿತು. ನಾನಾಸಾಹೇಬನ ಕಡೆಯವರ ಸಂಪರ್ಕ ಸುರಪುರಕ್ಕೂ ಬಂತು. ಅರಬರು, ರೋಹಿಲರು, ಬೇಡರ ಪಡೆ ಗುಡ್ಡದಲ್ಲಿ ಸೇರಿದರು. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ದಂಡಿನ ಮೇಲೆ ಹಲ್ಲೆಯಾಯಿತು, ಕ್ಯಾಪ್ಟನ್ ನ್ಯೂಬೆರಿ ಸತ್ತ. ಇನ್ನಷ್ಟು ದಂಡು ಬರುತ್ತಿದೆ ಎಂಬ ಸುದ್ದಿ ಬಂತು. ದೊರೆ ರಾತ್ರಿಯೇ ಹೊರಟುಹೋದ. ಊರು ಬರಿದಾಯಿತು.

ಆ ರಾತ್ರಿಯ ಒಂದು ಚೂರು ನಮ್ಮ ಮನೆಯಲ್ಲಿದೆ. ಆಯಿಯ ಅಜ್ಜಿ ಆಗ ಇನ್ನೂ ಸಣ್ಣ ಹುಡುಗಿ. ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದಿಟ್ಟಿದ್ದರು. ಯಾರೋ ಬಂದು ಬಾಗಿಲು ಬಡಿದರು. ಪರಾತದಲ್ಲಿ ಹಿಟ್ಟು ಹಾಗೆಯೇ ಬಿಟ್ಟು, ಒಲೆಗೆ ನೀರು ಸುರಿದು, ಸಿಕ್ಕದ್ದನ್ನು ಗಂಟು ಕಟ್ಟಿಕೊಂಡು ಹೊಲದ ದಾರಿ ಹಿಡಿದರು. ತಿಂಗಳೊಪ್ಪತ್ತಿನ ಮೇಲೆ ಮರಳಿದಾಗ ಬೇರೆ ಏನೂ ಕಳುವಾಗಿರಲಿಲ್ಲ. ಹಿಟ್ಟು ಮಾತ್ರ ಒಣಗಿ ಕಲ್ಲಾಗಿತ್ತು, ಅದರ ಮೇಲೆ ನಾದಿದವಳ ನಾಲ್ಕು ಬೆರಳಿನ ಗುರುತು ಮೂಡಿತ್ತು. ಆ ಹುಡುಗಿ ಅದನ್ನು ಎಸೆಯಲು ಬಿಡದೆ ಅತ್ತಳಂತೆ. 1858 ಎಂದರೆ ನನಗೆ ಈಗಲೂ ಮೊದಲು ಕಣ್ಣಿಗೆ ಬರುವುದು ಆ ಬೆರಳ ಗುರುತು, ತೋಪು ಕುದುರೆಗಳೆಲ್ಲ ಆಮೇಲೆ.

ಹೈದರಾಬಾದಿಗೆ ಹೋದ ದೊರೆಯನ್ನು ನಿಜಾಮರ ದಿವಾನ ಸಾಲಾರ್ ಜಂಗ್ ಹಿಡಿಸಿ ಬ್ರಿಟಿಷರಿಗೆ ಒಪ್ಪಿಸಿದ. ಸೆರೆಯಲ್ಲಿ ನೋಡಲು ಟೇಲರ್ ಹೋದ. ಇಪ್ಪತ್ತಮೂರು ತುಂಬಿದ್ದ ದೊರೆ ಮಗುವಿನ ಹಾಗೆ ಆತನ ಕೊರಳಿಗೆ ಬಿದ್ದು ‘ಅಪ್ಪಾ’ ಎಂದು ಅತ್ತ. ಪ್ರಾಣಭಿಕ್ಷೆ ಬೇಡಲು ಮಾತ್ರ ಒಪ್ಪಲಿಲ್ಲ. ಕಳ್ಳನಂತೆ ನೇಣು ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದ. ಮರಣದಂಡನೆ ಆಯಿತು, ಅದು ಇಳಿಯಿತು, ಕೊನೆಗೆ ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆ ಎಂದಾಯಿತು. ನಾಲ್ಕೇ ವರ್ಷ. ಸಾಹೇಬನ ಜೀವ ಹಗುರಾಗಿರಬೇಕು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ದೊರೆ ಸತ್ತ. ತಾನೇ ಹೊಡೆದುಕೊಂಡ ಎಂದು ದಾಖಲೆ ಹೇಳುತ್ತದೆ. ಸುರಪುರದ ಜನ ಇದನ್ನು ಪೂರ್ತಿ ಒಪ್ಪಿದವರಲ್ಲ. ಅದು 24ನೆಯ ವರ್ಷ.

ಟೇಲರ್ ಮತ್ತೆ ಸುರಪುರಕ್ಕೆ ಬಂದ, ಈ ಸಲ ಕಮಿಷನರನಾಗಿ, ದೊರೆಯಿಲ್ಲದ ಊರಿಗೆ. ‘ಅಪ್ಪಾ’ ಎನ್ನುವವರಿಲ್ಲದ ಆ ಬಂಗಲೆಯಲ್ಲಿ ಹೇಗಿದ್ದನೋ. ಎರಡು ವರ್ಷಕ್ಕೆ ಆರೋಗ್ಯ ಕೆಟ್ಟು ತಾಯ್ನಾಡಿಗೆ ಹೋದ. 1860ರಲ್ಲಿ ಸಂಸ್ಥಾನದ ನೆಲ ನಿಜಾಮರಿಗೆ ಹೋಯಿತು. ದಫ್ತರದಲ್ಲಿ ಉರ್ದು ಬಂತು, ನಮ್ಮ ಮುತ್ಯಾಗಳು ಶೇರವಾನಿ ತೊಟ್ಟರು, ಆಯಿಯ ಪಡಸಾಲೆಗೆ ಹಿತ್ತಾಳೆಯ ಪಾನದಾನ ಬಂತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು, ಮರುವರ್ಷ ಅಲ್ಲಿಯ ಜಾಗೀರುಗಳು ರದ್ದಾದವು. ಯಾದಗಿರಿ ಈಗ ಜಿಲ್ಲೆ, ಶಹಾಪುರ ಸುರಪುರ ಅದರ ತಾಲ್ಲೂಕುಗಳು. ಅರಸರ ಮನೆತನದವರು ಮತ ಕೇಳಿ, ಗೆದ್ದು, ವಿಧಾನಸಭೆಯಲ್ಲಿ ಕೂತರು. ಇದನ್ನೆಲ್ಲ ಆಯಿ ಶಾಂತವಾಗಿ ನೋಡಿದಳು. ಹೋದ ಆಸ್ತಿಗೆ ಆಕೆ ಅತ್ತದ್ದನ್ನು ನಾನು ಕಂಡಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತೇವೆ. ಆಯಿ ಮನೆಯ ಹಿರಿಯರ ಎಡೆಗಳಾದ ಮೇಲೆ, ಸ್ವಲ್ಪ ಸರಿದು, ಬೇರೆ ಎರಡು ಬಾಳೆ ಎಲೆ ಹಾಸುತ್ತಿದ್ದಳು. ಒಂದು ಸಣ್ಣ ದೊರೆಗೆ, ಒಂದು ರಾಣೆವ್ವಗೆ. ಹೋಳಿಗೆ, ಕಡುಬು, ಅನ್ನ, ತುಪ್ಪ, ಮನೆಯವರಿಗೆ ಏನೇನೋ ಅದೇ ಅಲ್ಲಿಗೂ. ಬಡಿಸುವ ಕೆಲಸ ನನಗೆ ಬಂದ ವರ್ಷ, ದೊಡ್ಡವರಿಗೆ ಮೊದಲು ಎಂಬ ಎಣಿಕೆಯಲ್ಲಿ ನಾನು ರಾಣೆವ್ವನ ಎಲೆಗೆ ಮೊದಲು ಹೋಳಿಗೆ ಹಾಕಹೋದೆ. ಆಯಿ ನನ್ನ ಕೈ ಹಿಡಿದಳು.

“ಮಗಗ ಮೊದಲ ಹಾಕವ್ವಾ. ಅಂವಾ ಉಂಡದ್ದು ಕಣ್ಣಲೇ ನೋಡಿದ ಮ್ಯಾಲೇ ಆಕಿ ಉಣ್ತಾಳ.”

ಆಯಿ ಹೋದ ಮೇಲೆ ಆ ಎರಡು ಎಲೆಗಳನ್ನು ನನ್ನ ತಾಯಿ ಶಹಾಪುರದಲ್ಲಿ ಹಾಸಿದಳು. ಈಗ ಯಾದಗಿರಿಯಲ್ಲಿ ನಾನು ಹಾಸುತ್ತೇನೆ. ಹೋದ ವರ್ಷ ನನ್ನ ಮೊಮ್ಮಗಳು ಪಕ್ಕದಲ್ಲಿ ಕೂತು, ಈ ಎರಡು ಯಾರದು ಎಂದು ಕೇಳಿದಳು. ಹೋಳಿಗೆಯ ಬುಟ್ಟಿಯನ್ನು ಆಕೆಯ ಕೈಗೆ ಕೊಟ್ಟು, ಮೊದಲು ಯಾವ ಎಲೆಗೆ ಹಾಕಬೇಕು ಎಂಬುದನ್ನು ತೋರಿಸಿದೆ.